ನೀರುಗಂಟಿ ಲಾಡ್ಜಿನ ಮೂರು ಮಹಡಿ

ನಮ್ಮ ಮಾವನವರು ಮೂವತ್ತೊಂದು ವರ್ಷ ಊರಿನವರ ಮನೆಯ ನೀರಿನ ಮೀಟರ್ ಓದಿದವರು. ನಿವೃತ್ತರಾಗಿ ಐದು ವರ್ಷವಾಯಿತು, ಆದರೂ ಯಾರ ಮನೆಗೆ ಹೋದರೂ ಅವರ ಕಣ್ಣು ಮೊದಲು ಹೋಗುವುದು ಕಾಂಪೌಂಡಿನ ಮೂಲೆಗೆ. ನಮ್ಮ ತವರಿಗೆ ಮೊದಲ ಸಲ ಬಂದ ದಿನ ನನ್ನಪ್ಪ ಬಾಗಿಲಲ್ಲಿ ನಿಂತು "ಬನ್ನಿ ಬನ್ನಿ" ಎಂದು ಕರೆದು ನೋಡಿದರೆ ಬೀಗರೇ ಇಲ್ಲ. ಹುಡುಕಿದಾಗ ಮಲ್ಲಿಗೆ ಬಳ್ಳಿಯೊಳಗೆ ಸೊಂಟದ ತನಕ ಮುಳುಗಿದ್ದರು. ಕರ್ಚೀಫಿನಿಂದ ಮೀಟರಿನ ಗಾಜು ಒರೆಸಿ ಎದ್ದು, "ನಿಮ್ಮನೇಲಿ ಎಲ್ಲೋ ನಲ್ಲಿ ಸೋರ್ತಿದೆ ಬೀಗ್ರೇ" ಎಂದರು. ಸೋರುತ್ತಿತ್ತು ಕೂಡ. ಅಪ್ಪ ಆ ಅವಮಾನವನ್ನು ಇವತ್ತಿಗೂ ಮರೆತಿಲ್ಲ.

ಮಾವನವರಿಗೆ ಮನೆಗಳ ನಂಬರು ನೆನಪಿರುವುದಿಲ್ಲ. ಮನೆಯವರ ಹೆಸರಂತೂ ಕೇಳಲೇಬೇಡಿ. ಅವರಿಗೆ ಗೊತ್ತಿರುವುದು ಗಿಡ. ಮೀಟರುಗಳೆಲ್ಲ ಯಾವುದಾದರೂ ಗಿಡದ ಬುಡದಲ್ಲೇ ಅಡಗಿಕೊಂಡಿರುತ್ತವಂತೆ. ಹಾಗಾಗಿ ನಮ್ಮ ಬಡಾವಣೆಯ ಹೆಂಗಸರು ಗಂಡಸರೆಲ್ಲ ಅವರ ಬಾಯಲ್ಲಿ ನಿಂಬೆಗಿಡದವರು, ದಾಳಿಂಬೆಯವರು, ಸೀಬೆಮರದ ಜಗಳಗಂಟಿ. ಗಿಡ ಕಡಿದು ಕಾರು ನಿಲ್ಲಿಸುವ ಜಾಗ ಮಾಡಿಕೊಂಡವರನ್ನು ಅವರು ಬೀದಿಯಲ್ಲಿ ಕಂಡರೂ ಗುರುತು ಹಿಡಿಯುವುದಿಲ್ಲ. ಬೇಕೆಂದೇ ಹೀಗೆ ಮಾಡುತ್ತಾರೆ ಎಂಬ ಅನುಮಾನ ನನಗಿದೆ.

ಕೆಲಸದಲ್ಲಿದ್ದಾಗ ಅವರು ಎರಡು ಪುಸ್ತಕ ಇಟ್ಟುಕೊಂಡಿದ್ದರು. ಒಂದು ಆಫೀಸಿನದು, ಒಂದು ಸ್ವಂತದ್ದು. ಓದಿದ ಪ್ರತಿಯೊಂದು ಅಂಕಿಯನ್ನೂ ಎರಡರಲ್ಲೂ ಬರೆಯುತ್ತಿದ್ದರು. "ಆಫೀಸಿನ ಪುಸ್ತಕ ಯಾವತ್ತು ಎಲ್ಲಿಗೆ ಹೋಗುತ್ತೋ ಹೇಳಕ್ಕಾಗಲ್ಲಮ್ಮ. ನನ್ನ ಪುಸ್ತಕ ಎಲ್ಲಿಗೂ ಹೋಗಲ್ಲ, ನನ್ನ ಜೇಬಲ್ಲೇ ಇರುತ್ತೆ" ಎನ್ನುತ್ತಿದ್ದರು. ಯಾವುದಾದರೂ ಮನೆಗೆ ಬೀಗ ಹಾಕಿದ್ದರೆ ಅಂಕಿಯ ಜಾಗದಲ್ಲಿ 'ಬಾ.ಮು.' ಎಂದು ಬರೆಯುತ್ತಿದ್ದರು. ಬಾಗಿಲು ಮುಚ್ಚಿದೆ ಎಂದರ್ಥ. ಅದರಲ್ಲಿ ಯಾರ ತಪ್ಪೂ ಇಲ್ಲ. ಇನ್ನೊಂದು ಸಲ ಹೋಗಿ, ಬಾಗಿಲು ತೆಗೆದ ಮೇಲೆ ಆ 'ಬಾ.ಮು.'ಗೆ ಒಂದು ಸುತ್ತು ಹಾಕಿ ಪಕ್ಕದಲ್ಲಿ ಅಂಕಿ ಬರೆದರೆ ಲೆಕ್ಕ ಸರಿಹೋಯಿತು. ಇದನ್ನು ಮದುವೆಯಾದ ಹೊಸತರಲ್ಲಿ ನನ್ನನ್ನು ಕೂರಿಸಿಕೊಂಡು ಒಂದು ಗಂಟೆ ವಿವರಿಸಿದ್ದರು. ಹೊಸ ಸೊಸೆ, ಎದ್ದು ಹೋಗುವ ಹಾಗಿರಲಿಲ್ಲ.

ಹೋದ ವರ್ಷ ಅವರಿಗೆ ಒಂದು ಸ್ಮಾರ್ಟ್‌ಫೋನು ತಂದುಕೊಟ್ಟೆ. ಅದಕ್ಕೊಂದು ಈಮೇಲ್ ಬೇಕು ಎಂದಿತು. ಹೊಸದು ಮಾಡಿಕೊಡುವಷ್ಟು ತಾಳ್ಮೆ ನನಗೆಲ್ಲಿದೆ? ನನ್ನ ಈಮೇಲನ್ನೇ ಹಾಕಿದೆ, ನನ್ನ ಫೋನ್ ನಂಬರನ್ನೇ ಕೊಟ್ಟೆ. ಮುಂದಿನದಕ್ಕೆಲ್ಲ ಮೂಲ ನನ್ನ ಈ ಸೋಮಾರಿತನ ಎಂಬುದನ್ನು ಈಗಲೇ ಒಪ್ಪಿಕೊಂಡುಬಿಡುತ್ತೇನೆ.

ಮಾವನವರು ಫೋನಿನಲ್ಲಿ ಸಿನಿಮಾ ನೋಡಲಿಲ್ಲ, ಹಾಡು ಕೇಳಲಿಲ್ಲ. ನೇರವಾಗಿ ನಕ್ಷೆಗೆ ಹೋದರು. ಊರಿನ ಬೀದಿಬೀದಿಯೂ ಅಂಗೈಯಗಲಕ್ಕೆ ಬಂದು ಕೂತಿದ್ದನ್ನು ಕಂಡು ಎರಡು ದಿನ ಊಟದ ಕಡೆ ಗಮನವಿರಲಿಲ್ಲ. ಮೂರನೆಯ ದಿನ, ಪ್ರತಿ ಜಾಗದ ಬಗ್ಗೆಯೂ ಯಾರು ಬೇಕಾದರೂ ಅಭಿಪ್ರಾಯ ಬರೆದು ಸ್ಟಾರ್ ಕೊಡಬಹುದು ಎಂದು ಕಂಡುಹಿಡಿದರು. ಅವತ್ತಿನಿಂದ ನನ್ನ ಹೆಸರಿನಲ್ಲಿ ಊರಿನ ಮೇಲೆ ತೀರ್ಪುಗಳು ಬೀಳತೊಡಗಿದವು. ಬ್ಯಾಂಕಿನ ಬಗ್ಗೆ ನಾನು ಬರೆದಿದ್ದೆನಂತೆ: "ಫ್ಯಾನ್ ಇದೆ, ತಿರುಗುವುದಿಲ್ಲ. ಹಿಂದಿನ ಸೀಬೆಮರ ಚೆನ್ನಾಗಿದೆ. ಮೂರು ಸ್ಟಾರ್, ಮೂರೂ ಮರಕ್ಕೆ." ದಂತವೈದ್ಯರ ಬಗ್ಗೆ: "ಹಲ್ಲಿನ ವಿಷಯ ಗೊತ್ತಿಲ್ಲ. ಕುಂಡದ ಗಿಡಗಳಿಗೆ ನೀರು ಹಾಕುವುದಿಲ್ಲ." ನನ್ನ ಹಲ್ಲು ತೋರಿಸುವುದು ಅದೇ ದಂತವೈದ್ಯರಿಗೆ. ಮುಂದಿನ ಸಲ ಅವರು ಇಂಜೆಕ್ಷನ್ ಕೊಡುವಾಗ ಸ್ವಲ್ಪ ಜಾಸ್ತಿಯೇ ಚುಚ್ಚಿದರು.

ಅಲ್ಲಿಯವರೆಗೂ ನಾನು ನಗುತ್ತಲೇ ಇದ್ದೆ. ಆಮೇಲೆ ಫೋನುಗಳು ಬರಲು ಶುರುವಾದವು.

ನಾನು ಕೆಲಸ ಮಾಡುವುದು ಆನ್‌ಲೈನ್ ಅಂಗಡಿಯೊಂದರ ದೂರು ವಿಭಾಗದಲ್ಲಿ. ಕಿವಿಗೆ ಹೆಡ್‌ಫೋನು, ಮುಂದೆ ಪರದೆ, ಗೋಡೆಯ ಮೇಲೆ ಯಾರು ಎಷ್ಟು ದೂರು ಮುಚ್ಚಿದರು ಎಂಬ ಪಟ್ಟಿ. ಬಗೆಹರಿಸಿದ್ದು ಎಷ್ಟು ಎಂಬ ಪಟ್ಟಿ ಇಲ್ಲ. ದಿನಕ್ಕೆ ಎಂಬತ್ತು ಮುಚ್ಚುತ್ತೇನೆ, ಕೈಯಲ್ಲಿ ಅಷ್ಟು ಚುರುಕಿದೆ. ಒಂದು ದಿನ, ಸೀಳಿದ ಚಪ್ಪಲಿಯ ಹೆಂಗಸನ್ನು ಸಮಾಧಾನ ಮಾಡುತ್ತಿದ್ದಾಗ ನನ್ನ ಸ್ವಂತ ಫೋನು ಬಡಿದುಕೊಂಡಿತು.

"ರೂಮ್ ಇದೆಯಾ ಮೇಡಂ?"

"ಯಾವ ರೂಮು?"

"ಮೂರು ಮಹಡಿ ಅಂತ ಹಾಕಿದೀರಲ್ಲ. ಕೆಳಗಿನದೇ ಕೊಡಿ, ನಮ್ಮ ತಾಯಿಗೆ ಮಂಡಿ ನೋವು."

ರಾಂಗ್ ನಂಬರ್ ಎಂದು ಇಟ್ಟೆ. ಮಾರನೆಯ ದಿನ ಇಬ್ಬರು ಮಾಡಿದರು, ಅದರ ಮಾರನೆಯ ದಿನ ನಾಲ್ವರು. ಒಬ್ಬಾತ ಬಿಸಿನೀರು ಇದೆಯಾ ಎಂದು ಕೇಳಿದ. ಇನ್ನೊಬ್ಬಾಕೆ ಮೇಲಿನ ಮಹಡಿ ಹಕ್ಕಿಗಳಿಗೆ ಮಾತ್ರ ಎಂದರೆ ಏನರ್ಥ ಎಂದು ಕೇಳಿದಳು. ಹಕ್ಕಿಗಳು ಎಂದ ತಕ್ಷಣ ನನಗೆ ಇದು ಯಾರ ಕೈಚಳಕ ಎಂದು ಹೊಳೆಯಿತು. ಸಂಜೆ ಹೋಗಿ ಕೇಳೋಣ ಎಂದುಕೊಂಡೆ. ಸಂಜೆ ಮನೆಗೆ ಹೋಗಿ ನನ್ನ ಕೋಣೆಯ ಬಾಗಿಲು ತಳ್ಳಿದರೆ, ನನ್ನ ಮಂಚದ ಮೇಲೆ, ನನ್ನ ದಿಂಬಿನ ಮೇಲೆ, ಗುರುತು ಪರಿಚಯವಿಲ್ಲದ ಒಬ್ಬ ಗಂಡಸು ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿದ್ದಾನೆ.

ಅಡುಗೆಮನೆಯಲ್ಲಿ ಅವನ ಹೆಂಡತಿ ಅತ್ತೆಯವರ ಜೊತೆ ಟೀ ಕುಡಿಯುತ್ತಿದ್ದಳು. ಹೊಸ್ತಿಲ ಬಳಿ ಎರಡು ಸೂಟ್‌ಕೇಸು.

"ಪಾಪ, ಫೋನು ದಾರಿ ತೋರಿಸ್ತು ಅಂತ ಸೀದಾ ಬೀದಿ ಮೂಲೆಯ ಕಾಡುಬಾದಾಮಿ ಮರದ ಹತ್ರ ಬಂದು ನಿಂತಿದ್ರಂತೆ" ಎಂದರು ಅತ್ತೆ. "ರಿಸೆಪ್ಷನ್ ಎಲ್ಲಿ ಅಂತ ನಿಮ್ಮ ಮಾವನ್ನೇ ಕೇಳಿದಾರೆ. ಇವರು ಕರ್ಕೊಂಡು ಬಂದ್ರು."

"ನನ್ನ ರೂಮಲ್ಲಿ ಮಲಗಿಸಿದೀರಲ್ಲ ಅತ್ತೆ!"

"ನಮ್ಮ ರೂಮಲ್ಲಿ ಬಟ್ಟೆ ಒಣಗ್ತಿತ್ತಮ್ಮ."

ನನಗೆ ಪಿತ್ತ ನೆತ್ತಿಗೇರಿತು. ಮಾವನವರು ಹಿತ್ತಿಲಲ್ಲಿ ಏನೂ ನಡೆದೇ ಇಲ್ಲ ಎಂಬಂತೆ ನಿಂಬೆಗಿಡಕ್ಕೆ ನೀರು ಹಾಕುತ್ತಿದ್ದರು.

"ಮಾವ, ಮರಾನ ಯಾಕೆ ಲಾಡ್ಜ್ ಅಂತ ಹಾಕಿದ್ರಿ?"

"ಏನು ಜಾಗ ಅಂತ ಅದು ಕೇಳುತ್ತಮ್ಮ. ಅಂಗಡಿ ಇದೆ, ಆಸ್ಪತ್ರೆ ಇದೆ, ಲಾಡ್ಜ್ ಇದೆ. ಎಷ್ಟು ಹುಡುಕಿದ್ರೂ ಮರ ಅಂತ ಇಲ್ಲ. ಅವನು ಅಲ್ಲೇ ತಾನೇ ಮಲಗ್ತಿದ್ದಿದ್ದು? ಮಲಗೋ ಜಾಗಕ್ಕೆ ಲಾಡ್ಜ್ ಅಂತಾರಲ್ವಾ?"

"ಯಾರು ಮಲಗ್ತಿದ್ದಿದ್ದು?"

ಅವರು ಕೊಳಾಯಿ ನಿಲ್ಲಿಸಿ, ಪೈಪು ಕೆಳಗಿಟ್ಟು, ಹೇಳಲು ಬಾಯಿ ತೆರೆದರು. ಉದ್ದದ ಕಥೆಗೆ ತಯಾರಾಗುತ್ತಿದ್ದಾರೆಂದು ಗೊತ್ತಾಯಿತು. ನಾನು ಕಾಯಲಿಲ್ಲ. ಹೊರಗಿನ ಜಗಲಿಯ ಮೇಲೆ ಕೂತು ಫೋನು ತೆಗೆದೆ. 'ನೀರುಗಂಟಿ ಲಾಡ್ಜ್' ಎಂದಿತ್ತು. ಮಾಲೀಕರು ನಾನು. ಕೆಳಗೆ ನಲವತ್ತೊಂದು ಅಭಿಪ್ರಾಯಗಳು. ಒಂದನ್ನೂ ಓದಲಿಲ್ಲ. ಈ ಜಾಗವನ್ನು ತೆಗೆಯಲು ಕಾರಣವೇನು ಎಂದು ಕೇಳಿತು. 'ಇಂಥ ಸ್ಥಳವೇ ಇಲ್ಲ' ಎಂಬುದನ್ನು ಒತ್ತಿದೆ. ಮಾಲೀಕರೇ ಕೇಳಿದ ಮೇಲೆ ತಡವೇಕೆ? ಅರ್ಧ ನಿಮಿಷದಲ್ಲಿ ಎಲ್ಲ ಅಳಿಸಿ, ನಿಮ್ಮ ಸಹಕಾರಕ್ಕೆ ಧನ್ಯವಾದಗಳು ಎಂದು ಸಂದೇಶ ಬಂತು. ಎಂಬತ್ತೊಂದನೆಯ ದೂರು ಮುಚ್ಚಿದ ಖುಷಿಯಲ್ಲಿ ಒಳಗೆ ಹೋಗಿ, ಗಂಡ ಹೆಂಡತಿಗೆ ನಿಜವಾದ ಒಂದು ಲಾಡ್ಜಿನ ವಿಳಾಸ ಕೊಟ್ಟು ಕಳಿಸಿ, ದಿಂಬಿನ ಕವರು ಒಗೆಯಲು ಹಾಕಿದೆ.

ಮಾವನವರು ನನ್ನನ್ನು ಏನೂ ಕೇಳಲಿಲ್ಲ. ಅದೇ ವಿಚಿತ್ರ. ದಿನಾ ಬೆಳಿಗ್ಗೆ ಆ ಮರದ ತನಕ ನಡೆದು ಬರುತ್ತಿದ್ದವರು ಮೂರು ದಿನ ಗೇಟು ದಾಟಲಿಲ್ಲ. ಫೋನು ಟಿವಿಯ ಮೇಲೆ ಮಕಾಡೆ ಮಲಗಿತ್ತು.

ನಾಲ್ಕನೆಯ ದಿನ ಅತ್ತೆಯ ಜೊತೆ ಕೂತು ಸೊಪ್ಪು ಬಿಡಿಸುತ್ತಾ, "ಮಾವನಿಗೆ ಹುಷಾರಿಲ್ವಾ?" ಎಂದೆ.

"ನೀರುಗಂಟಿ ಎರಡನೇ ಸಲ ಸತ್ತಿದಾನೆ" ಎಂದರು ಅತ್ತೆ, ಸೊಪ್ಪಿನಿಂದ ಕಣ್ಣು ತೆಗೆಯದೆ.

ಆಮೇಲೆ ಹೇಳಿದರು. ಉದ್ದನೆಯ ಕಬ್ಬಿಣದ ಕೀಲಿ ಹೆಗಲ ಮೇಲಿಟ್ಟುಕೊಂಡು ಬೀದಿಬೀದಿಗೂ ಹೋಗಿ ವಾಲ್ವ್ ತಿರುಗಿಸಿ ನೀರು ಬಿಡುವವನಿಗೆ ನೀರುಗಂಟಿ ಎನ್ನುತ್ತಾರೆ. ನಮ್ಮ ಬಡಾವಣೆಗೆ ಇಪ್ಪತ್ತೆರಡು ವರ್ಷ ಒಬ್ಬನೇ ನೀರುಗಂಟಿ ಇದ್ದ. ಅವನು ನೀರು ಬಿಡುವವನು, ಮಾವ ಅಳೆಯುವವರು. ಮಧ್ಯಾಹ್ನ ಇಬ್ಬರೂ ಮೂಲೆಯ ವಾಲ್ವಿನ ಗುಂಡಿಯ ಪಕ್ಕ ಕೂತು ಊಟ ಮಾಡುತ್ತಿದ್ದರು. ಅಲ್ಲೊಂದು ದಿನ ನೀರುಗಂಟಿ ಕಾಡುಬಾದಾಮಿಯ ಹಣ್ಣು ತಿಂದು ಓಟೆ ಎಸೆದ. ಅದು ಮೊಳೆಯಿತು. ಅವತ್ತು ಅವನು ವಾಲ್ವಿನ ನಟ್ಟನ್ನು ಅರ್ಧ ಸುತ್ತು ಸಡಿಲ ಮಾಡಿದ. ತೊಟ್ಟು ತೊಟ್ಟಾಗಿ ಗಿಡದ ಬುಡಕ್ಕೆ ನೀರು. ಸೋರಿಕೆ ಕಂಡರೆ ವರದಿ ಮಾಡಬೇಕಾದವರು ನಮ್ಮ ಮಾವ. ಅವರು ಸೋರಿಕೆಯ ಕಾಲಂನಲ್ಲಿ ವರ್ಷಗಟ್ಟಲೆ 'ಇಲ್ಲ' ಎಂದು ಬರೆದರು. ಬೀಗರ ಮನೆಯ ನಲ್ಲಿ ಸೋರಿದ್ದಕ್ಕೆ ಅಷ್ಟು ಸದ್ದು ಮಾಡಿದ ಮನುಷ್ಯ.

"ಮರ ದೊಡ್ಡದಾದ್ಮೇಲೆ ಅವನು ದಿನಾ ಊಟ ಆಗಿ ಅರ್ಧ ಗಂಟೆ ಅಲ್ಲೇ ಮಲಗೋನು. ಹೋಗಿ ಎರಡು ವರ್ಷ ಆಯ್ತು" ಎಂದರು ಅತ್ತೆ. "ಹೆಂಡ್ತಿ ಮಕ್ಕಳು ಇರ್ಲಿಲ್ಲ. ಒಂದು ಫೋಟೋ ಕೂಡ ಇಲ್ಲ. ಆಫೀಸಲ್ಲಿ ಎಲ್ಲರ ಫೋಟೋ ತೆಗೆದ ದಿನ ಇವನು ವಾಲ್ವ್ ಮುಚ್ಚಕ್ಕೆ ಹೋಗಿದ್ದ. ಅದಕ್ಕೇ ನಿಮ್ಮ ಮಾವ ಮನೆ ಮನೆಗೆ ಹೋಗಿ 'ಮೀಟರ್' ಅಂತ ಕೂಗೋದು, ಗೇಟ್ ತೆಗೆದ ತಕ್ಷಣ 'ನೀರುಗಂಟಿ ನೆನಪಿದಾನಾ? ಹಾಗಾದ್ರೆ ಫೋನಲ್ಲಿ ಬರೀರಿ' ಅನ್ನೋದು. ನಲವತ್ತೊಂದು ಜನ ಬರೆದಿದ್ರಂತೆ. ಅವನು ಇದ್ದ ಅನ್ನೋದಕ್ಕೆ ಅದೊಂದೇ ಇತ್ತು. ಯಾರೋ ಅಳಿಸಿಬಿಟ್ಟಿದಾರೆ."

"ಯಾರೋ ಏನೋ ಅತ್ತೆ" ಎಂದೆ.

"ಹೌದು. ಯಾರೋ ಏನೋ" ಎಂದು ಅತ್ತೆ ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, ದಂಟುಗಳನ್ನು ಗುಡಿಸಿಕೊಂಡು ಎದ್ದರು.

ತಪ್ಪು ಮಾಡಿದ್ದಕ್ಕಿಂತ ಸುಳ್ಳು ಹೇಳಿದ್ದಕ್ಕೆ ಹೆಚ್ಚು ನಾಚಿಕೆಯಾಯಿತು. ಅವತ್ತೇ ನಕ್ಷೆಯ ಕಂಪನಿಗೆ ಬರೆದೆ: ಅಳಿಸಿದ್ದನ್ನು ವಾಪಸು ಕೊಡಿ, ನಲವತ್ತೊಂದು ಜನರ ಮಾತು ಅದರಲ್ಲಿದೆ. ಉತ್ತರ ಬಂತು: ನಿಮ್ಮ ಅನಿಸಿಕೆ ನಮಗೆ ಅಮೂಲ್ಯ. ಮತ್ತೆ ಬರೆದೆ. ನಿಮಗಾದ ಅನನುಕೂಲಕ್ಕೆ ವಿಷಾದಿಸುತ್ತೇವೆ. ಮೂರನೆಯ ಸಲ ಬೇಡಿಕೊಂಡೆ. ನಿಮ್ಮ ತಾಳ್ಮೆಗೆ ಧನ್ಯವಾದಗಳು, ಈ ದೂರನ್ನು ಮುಚ್ಚಲಾಗಿದೆ. ಪ್ರತಿಯೊಂದು ವಾಕ್ಯವೂ ನಾನು ದಿನಾ ಎಂಬತ್ತು ಸಲ ಕಳಿಸುವ ವಾಕ್ಯವೇ. ಸೀಳಿದ ಚಪ್ಪಲಿಯ ಹೆಂಗಸಿನ ಹೊಟ್ಟೆ ಎಷ್ಟು ಉರಿದಿರಬೇಕು ಎಂದು ಆಗ ತಿಳಿಯಿತು.

ಭಾನುವಾರ ಬೆಳಿಗ್ಗೆ ನಾನೊಬ್ಬಳೇ ಆ ಮೂಲೆಗೆ ಹೋದೆ. ಏಳು ವರ್ಷದಿಂದ ಅದೇ ದಾರಿಯಲ್ಲಿ ಬಸ್ಸಿಗೆ ಓಡಿದ್ದೇನೆ, ಮರವನ್ನು ತಲೆಯೆತ್ತಿ ನೋಡಿದ್ದು ಅವತ್ತೇ. ಕಾಡುಬಾದಾಮಿಯ ಕೊಂಬೆಗಳು ಒಂದರ ಮೇಲೊಂದು ಅಂತಸ್ತು ಕಟ್ಟಿದ ಹಾಗೆ ಅಡ್ಡಡ್ಡ ಹರಡಿಕೊಂಡಿರುತ್ತವೆ. ಎಣಿಸಿದೆ. ಸರಿಯಾಗಿ ಮೂರು ಮಹಡಿ. ಮಾವ ಸುಳ್ಳು ಬರೆದಿರಲಿಲ್ಲ. ಮೇಲಿನದರಲ್ಲಿ ಗಿಳಿಗಳ ಗಲಾಟೆ, ನಡುವಿನದರಲ್ಲಿ ಎರಡು ಅಳಿಲು ಒಂದು ಹಣ್ಣಿಗಾಗಿ ಜಗಳವಾಡುತ್ತಿದ್ದವು, ಕೆಳಗೆ ಅಗಲವಾದ ಕೆಂಪು ಎಲೆಗಳು ಬಿದ್ದಿದ್ದವು. ವಾಲ್ವಿನ ಗುಂಡಿಯ ಮುಚ್ಚಳದ ಪಕ್ಕ ಮಣ್ಣು ಒದ್ದೆಯಾಗಿತ್ತು. ಬಗ್ಗಿ ಕಿವಿಗೊಟ್ಟೆ. ತೊಟ್ಟು ಬೀಳುವ ಸದ್ದು. ಹೊಸ ನೀರುಗಂಟಿಗೂ ಯಾರೋ ಹೇಳಿಕೊಟ್ಟಿರಬೇಕು, ಆ ಯಾರೋ ಯಾರು ಎಂದು ಊಹಿಸುವುದು ಕಷ್ಟವೇನಲ್ಲ.

"ಕೆಳಗಿನ ಮಹಡಿ ಖಾಲಿ ಇದೆ, ಕೂತ್ಕೋಮ್ಮ" ಎಂದು ಹಿಂದಿನಿಂದ ಯಾರೋ ಅಂದರು.

ಮಾವ. ಕೈಯಲ್ಲಿ ಮೀಟರಿನ ಹಳೆಯ ಪುಸ್ತಕ. ಪಕ್ಕದಲ್ಲಿ ಕೂತು, ಅದನ್ನು ನನ್ನ ತೊಡೆಯ ಮೇಲಿಟ್ಟರು.

"ಇದನ್ನ ಫೋನಿಗೆ ಹತ್ತಿಸಿಕೊಡ್ತೀಯಾ? ನನ್ನ ಬೆರಳು ದಪ್ಪ, ಅಕ್ಷರ ತಪ್ಪುತ್ತೆ."

ತೆಗೆದು ನೋಡಿದೆ. ನಲವತ್ತೊಂದು ಅಭಿಪ್ರಾಯಗಳೂ ಅದರಲ್ಲಿದ್ದವು. ತಾರೀಖು, ಮನೆ, ಮಾತು, ಸ್ಟಾರ್, ನಾಲ್ಕು ಕಾಲಂ. ನಕ್ಷೆಯಲ್ಲಿ ಬಂದದ್ದನ್ನು ಬಂದ ದಿನವೇ ತಮ್ಮ ಪುಸ್ತಕಕ್ಕೂ ಇಳಿಸಿಕೊಂಡಿದ್ದರು. ಆಫೀಸಿನ ಪುಸ್ತಕವನ್ನೇ ನಂಬದವರು ಮೋಡದಲ್ಲಿರುವ ಪುಸ್ತಕವನ್ನು ನಂಬುತ್ತಾರೆಯೇ? ಇಷ್ಟು ದಿನ ಇದು ನನ್ನ ತಲೆಗೆ ಹೊಳೆಯಲೇ ಇಲ್ಲ.

ದಾಳಿಂಬೆಯವರು ಬರೆದಿದ್ದರು: "ನನ್ನ ಹೆರಿಗೆಯ ದಿನ ಕೇಳದೆ ಒಂದು ಗಂಟೆ ಹೆಚ್ಚು ನೀರು ಬಿಟ್ಟ. ಮಗಳಿಗೆ ಈಗ ಹದಿನಾರು." ನಿಂಬೆಗಿಡದವರು: "ನೀರು ಬಿಡುವಾಗ ಸೀಟಿ ಹೊಡೆಯುತ್ತಿದ್ದ. ರಾಗ ಯಾವತ್ತೂ ಸರಿಯಿರಲಿಲ್ಲ. ಈಗ ನೀರು ಬರುತ್ತದೆ, ಸೀಟಿ ಇಲ್ಲ." ಸೀಬೆಮರದ ಜಗಳಗಂಟಿ ಪುಟದ ಮುಕ್ಕಾಲು ಭಾಗ ಹಿಡಿದಿದ್ದಳು: "ತಲೆ ತುಂಬ ಸೋಪು ಇರುವಾಗ ಮೂರು ಸಲ ವಾಲ್ವ್ ಮುಚ್ಚಿದ್ದಾನೆ. ಬೇಕೆಂದೇ ಮುಚ್ಚಿದ್ದು. ಒಂದು ಸ್ಟಾರ್. ನಮ್ಮಮ್ಮ ತೀರಿಕೊಂಡ ದಿನ ಬೀದಿಯವರಿಂದೆಲ್ಲ ಬೈಸಿಕೊಂಡು ಇಡೀ ದಿನ ನೀರು ಬಿಟ್ಟ. ಆದರೂ ಒಂದೇ ಸ್ಟಾರ್, ಬದುಕಿದ್ದರೆ ಬಂದು ಕೇಳಲಿ." ಅದರ ಕೆಳಗೆ ಮಾಲೀಕರ ಉತ್ತರ, ಅಂದರೆ ನನ್ನ ಹೆಸರಿನಲ್ಲಿ ಮಾವ ಬರೆದದ್ದು: "ಎರಡು ಸಲ ಬೇಕೆಂದೇ ಮುಚ್ಚಿದ. ಮೂರನೆಯದು ಆಕಸ್ಮಿಕ. ಅವನೇ ಹೇಳಿದ್ದ."

ನಗುತ್ತಾ ಪುಟ ತಿರುಗಿಸಿದೆ. ಕೊನೆಯಲ್ಲಿ ನಲವತ್ತೆರಡನೆಯ ಸಾಲು ಇತ್ತು. ಹೋದ ವಾರದ ಶನಿವಾರದ ತಾರೀಖು. ಮನೆಯ ಕಾಲಂನಲ್ಲಿ 'ಸೊಸೆ'. ಮಾತಿನ ಕಾಲಂನಲ್ಲಿ 'ಇಂಥ ಸ್ಥಳವೇ ಇಲ್ಲ'. ಸ್ಟಾರಿನ ಜಾಗದಲ್ಲಿ 'ಬಾ.ಮು.'

ನನ್ನ ಈಮೇಲು ಅವರ ಫೋನಿನಲ್ಲೂ ಇದೆ. ನಿಮ್ಮ ಸಹಕಾರಕ್ಕೆ ಧನ್ಯವಾದಗಳು ಎಂಬ ಸಂದೇಶ, ನಾನು ಒತ್ತಿದ ಕಾರಣದ ಸಮೇತ, ನನಗೆ ಬಂದ ಗಳಿಗೆಯಲ್ಲೇ ಅವರಿಗೂ ಬಂದಿತ್ತು. ಎಂಟು ದಿನದಿಂದ ಎಲ್ಲ ಗೊತ್ತಿದ್ದೂ ನನ್ನ ಮುಂದೆ ಕೂತು ಊಟ ಮಾಡಿದ್ದರು, ಉಪ್ಪು ಕೊಡಮ್ಮ ಎಂದಿದ್ದರು.

"ಮಾವ, ನಾನೇ ಅಳಿಸಿದ್ದು" ಎಂದೆ. "ಅತ್ತೆ ಹತ್ರ ಸುಳ್ಳು ಬೇರೆ ಹೇಳ್ದೆ. ನೀವು ಹೇಳಕ್ಕೆ ಬಂದಾಗ ನಾನು ಕೇಳ್ಲೇ ಇಲ್ಲ."

"ಅವತ್ತು ನಿನ್ನ ಮಂಚದ ಮೇಲೆ ಯಾರೋ ಮಲಗಿದ್ರು. ಅಂಥ ಹೊತ್ತಲ್ಲಿ ಯಾರ ಮನೆ ಬಾಗಿಲೂ ತೆಗೆದಿರಲ್ಲ" ಎಂದರು ಮಾವ. ಜೇಬಿನಿಂದ ಪೆನ್ನು ತೆಗೆದು, ಆ 'ಬಾ.ಮು.'ಗೆ ನಿಧಾನವಾಗಿ ಒಂದು ಸುತ್ತು ಹಾಕಿದರು. "ಈಗ ಹೇಳು. ಎಷ್ಟು ಹಾಕ್ಲಿ?"

ನಾನು ನೀರುಗಂಟಿಯನ್ನು ನೋಡಿದವಳಲ್ಲ. ಆದರೆ ಈ ಊರಿಗೆ ಸೊಸೆಯಾಗಿ ಬಂದ ಮೊದಲ ವರ್ಷ, ಬೆಳಿಗ್ಗೆ ಎಚ್ಚರವಾದಾಗ ಹೊರಗೆ ಯಾರೋ ತಪ್ಪು ರಾಗದಲ್ಲಿ ಸೀಟಿ ಹೊಡೆದುಕೊಂಡು ಹೋಗುತ್ತಿದ್ದುದು ನೆನಪಾಯಿತು. ತವರು ಬಿಟ್ಟು ಬಂದ ಬೇಸರಕ್ಕೆ ಆ ಸೀಟಿ ಕೇಳಿ ನಗು ಬರುತ್ತಿತ್ತು. ಯಾವಾಗ ನಿಂತಿತು ಎಂದು ಗಮನಿಸಿರಲೇ ಇಲ್ಲ. ಅದನ್ನು ಹೇಳಿದೆ. ಮಾವ ಅದನ್ನು ನಾನು ಹೇಳಿದ ಹಾಗೆಯೇ ಬರೆದುಕೊಂಡು, ಐದು ಸ್ಟಾರನ್ನೂ ಬಿಡಿಬಿಡಿಯಾಗಿ ಬಿಡಿಸಿದರು.

ಅಲ್ಲೇ ಕೂತು ಹೊಸದಾಗಿ ಸೇರಿಸಿದೆವು. ಪುಸ್ತಕದ ಹದಿನಾಲ್ಕು ಪುಟಗಳನ್ನೂ ಫೋಟೋ ತೆಗೆದು ಹತ್ತಿಸಿದೆ. ಏನು ಜಾಗ ಎಂದು ಕೇಳಿದ ಕಡೆ 'ಉದ್ಯಾನ' ಎಂದು ಹಾಕಿದೆ. ಮಾವ ಅದಕ್ಕೆ ಒಪ್ಪಿದರು, ಹೆಸರಿನಲ್ಲಿ ಮಾತ್ರ ಲಾಡ್ಜ್ ಎಂದೇ ಇರಬೇಕೆಂದು ಹಟ ಹಿಡಿದರು. ಮಲಗುವ ಜಾಗವಂತೆ. ಫೋನ್ ನಂಬರು ಕೇಳಿತು. ಈ ಸಲ ಸೋಮಾರಿತನದಿಂದಲ್ಲ, ಯೋಚನೆ ಮಾಡಿಯೇ ನನ್ನ ನಂಬರು ಕೊಟ್ಟೆ.

ಸೋಮವಾರ ಹನ್ನೊಂದು ಗಂಟೆಗೆ, ನಲವತ್ತನೆಯ ದೂರಿನ ನಡುವೆ ಫೋನು ಬಂತು. ಹೆಡ್‌ಫೋನು ತೆಗೆದಿಟ್ಟೆ.

"ನೀರುಗಂಟಿ ಲಾಡ್ಜಾ? ರೂಮ್ ಇದೆಯಾ?"

"ರೂಮ್ ಇಲ್ಲ ಸಾರ್, ನೆರಳಿದೆ" ಎಂದೆ. "ಅವನು ಅರ್ಧ ಗಂಟೆ ಮಲಗ್ತಿದ್ದ, ನೀವೂ ಮಲಗಬಹುದು. ಯಾರು ಅಂತ ಹೇಳ್ತೀನಿ, ಎರಡು ನಿಮಿಷ ಇದೆಯಾ?"